ವಾಪಸ್ ಬರುವ ದಾರಿ: ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಇ-ಸೈಕಲ್ ಆರಿಸುವುದು ಹೇಗೆ?

ಚಿಕ್ಕಮ್ಮನಿಗೆ ನಾಲ್ಕು ದೊಡ್ಡ ಕೀಮೋ ಆಯಿತು. ಆಮೇಲೆ ವಾರಕ್ಕೊಂದರಂತೆ ಹನ್ನೆರಡು. ಅದರ ಹಿಂದೆಯೇ ಆಪರೇಷನ್, ರೇಡಿಯೇಷನ್. ಎಲ್ಲ ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ. ಡಾಕ್ಟರು ಫೈಲು ಮುಚ್ಚಿ, "ಇನ್ನು ಓಡಾಡಿ, ಮನೇಲೇ ಕೂರಬೇಡಿ" ಅಂದರು. ಚಿಕ್ಕಮ್ಮ ಮೈಸೂರಿನಲ್ಲಿ ಟೀಚರ್ ಆಗಿದ್ದವರು. ಎಷ್ಟೋ ವರ್ಷ ಶಾಲೆಗೆ ಸೈಕಲ್ಲಿನಲ್ಲೇ ಹೋಗಿ ಬಂದವರು. ಅಂಥವರು ಕುವೆಂಪುನಗರದ ನಮ್ಮ ಬೀದಿಯ ಕೊನೆಯ ತನಕ ಹೋಗುವುದಕ್ಕೂ ಹಿಂಜರಿಯುತ್ತಿದ್ದರು. ಯಾಕೆ ಅಂತ ಕೇಳಿದರೆ, "ಹೋಗೋದೇನೋ ಹೋಗ್ತೀನಿ ಕಣೇ. ಅರ್ಧ ದಾರೀಲಿ ಕಾಲು ಕೈಕೊಟ್ರೆ ವಾಪಸ್ ಹೆಂಗೆ ಬರ್ಲಿ?" ಅನ್ನುತ್ತಿದ್ದರು.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ವ್ಯಾಯಾಮದ ಬಗ್ಗೆ ಎಲ್ಲರೂ ಸಲಹೆ ಕೊಡುತ್ತಾರೆ. ವಾಕ್ ಮಾಡಿ, ಯೋಗ ಮಾಡಿ, ಜಿಮ್ ಸೈಕಲ್ ತನ್ನಿ, ಇ-ಸೈಕಲ್ ತನ್ನಿ. ಯಾವುದು ಜಾಸ್ತಿ ಕ್ಯಾಲೊರಿ ಸುಡುತ್ತದೆ ಅಂತ ಹೋಲಿಸುತ್ತಾರೆ. ಚಿಕಿತ್ಸೆ ಮುಗಿಸಿದವರಿಗೆ ಆ ಅಳತೆ ಮೊದಲನೆಯದಲ್ಲ. ಹೊರಟವರು ಭಯವಿಲ್ಲದೆ ಮನೆಗೆ ಮರಳಬೇಕು, ನಾಳೆ ಮತ್ತೆ ಹೊರಡಬೇಕು ಅನ್ನಿಸಬೇಕು. ಈ ಎರಡನ್ನು ಮುಂದಿಟ್ಟುಕೊಂಡೇ ಇಲ್ಲಿ ಒಂದೊಂದನ್ನೂ ಹೋಲಿಸಿದ್ದೇನೆ.

ಮಲಗಿದರೆ ಹೋಗದ ಸುಸ್ತು

ನೋಡಲು ಬಂದ ನೆಂಟರೆಲ್ಲ "ಪಾಪ, ಏನೂ ಮಾಡಬೇಡಿ, ರೆಸ್ಟ್ ತಗೊಳ್ಳಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕ್ಯಾನ್ಸರ್ ಸುಸ್ತು ಹೊಲದಲ್ಲಿ ದುಡಿದು ಬಂದ ಸುಸ್ತಿನ ಥರ ಅಲ್ಲ. ಎಷ್ಟು ಮಲಗಿದರೂ ಅದು ತೀರುವುದಿಲ್ಲ. ಮಲಗಿದಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಉಸಿರು ಬೇಗ ಏರುತ್ತದೆ, ಸುಸ್ತು ಇನ್ನೂ ಹೆಚ್ಚುತ್ತದೆ.

ಅಮೆರಿಕದ ಸ್ಪೋರ್ಟ್ಸ್ ಮೆಡಿಸಿನ್ ಕಾಲೇಜು ಹಲವು ದೇಶಗಳ ತಜ್ಞರನ್ನು ಸೇರಿಸಿ 2019ರಲ್ಲಿ ಒಂದು ಸಲಹೆ ಹೊರತಂದಿತು. ವಾರಕ್ಕೆ ಮೂರು ದಿನ, ದಿನಕ್ಕೆ 30 ನಿಮಿಷ, ಮಧ್ಯಮ ಶ್ರಮದ ವ್ಯಾಯಾಮ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಸುಸ್ತು, ಆತಂಕ, ಖಿನ್ನತೆ ಕಡಿಮೆಯಾಗುತ್ತವೆ ಅಂತ ಅವರು ಹೇಳಿದ್ದಾರೆ. ಮಧ್ಯಮ ಅಂದರೆ ಎಷ್ಟು? ತುಳಿಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು.

2025ರಲ್ಲಿ ಇನ್ನೊಂದು ದೊಡ್ಡ ಸುದ್ದಿ ಬಂತು. ಮುಖ್ಯವಾಗಿ ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 889 ಜನರ ಮೇಲೆ ನಡೆದ ಪರೀಕ್ಷೆ ಅದು. ಆಪರೇಷನ್, ಕೀಮೋ ಮುಗಿದ ಮೇಲೆ ಅರ್ಧ ಜನಕ್ಕೆ ಮೂರು ವರ್ಷ ವ್ಯಾಯಾಮದ ಮಾರ್ಗದರ್ಶನ ಕೊಟ್ಟರು. ಉಳಿದವರಿಗೆ ಆರೋಗ್ಯದ ಪುಸ್ತಿಕೆ ಮಾತ್ರ ಕೊಟ್ಟರು. ಎಂಟು ವರ್ಷದ ಲೆಕ್ಕ ತೆಗೆದಾಗ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90 ಜನ ಬದುಕಿದ್ದರು. ಇನ್ನೊಂದು ಗುಂಪಿನಲ್ಲಿ 83. ಅಲ್ಲಿ ಯಾವ ವ್ಯಾಯಾಮ ಅನ್ನುವುದನ್ನು ರೋಗಿಗಳೇ ಆರಿಸಿಕೊಂಡಿದ್ದರು. ಹಾಗಾಗಿ ಇದು ಇ-ಸೈಕಲ್ಲಿನ ಗೆಲುವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಿಡದೆ ಮಾಡಿದ್ದರ ಫಲ ಅದು. ನಿಮ್ಮ ಮನೆಯವರು ಯಾವುದನ್ನು ಬಿಡದೆ ಮಾಡುತ್ತಾರೋ ಅದನ್ನೇ ಆರಿಸಿ.

ನಡಿಗೆ, ಜಿಮ್ ಸೈಕಲ್, ಮಾಮೂಲಿ ಸೈಕಲ್, ಇ-ಸೈಕಲ್

ನಡಿಗೆಗೆ ದುಡ್ಡು ಬೇಡ, ಕಲಿಯುವುದು ಬೇಡ. ಕೀಮೋ ನಡೆಯುತ್ತಿರುವಾಗಲೂ ಆಗುತ್ತದೆ. ನಡಿಗೆಯಿಂದಲೇ ಎಲ್ಲರೂ ಶುರುಮಾಡಲಿ ಅಂತ ನಾನೂ ಹೇಳುತ್ತೇನೆ. ಆದರೆ ಅಂಗಾಲು ಮರಗಟ್ಟಿದವರಿಗೆ ಅರ್ಧ ಗಂಟೆ ನಡೆಯುವುದು ನಿಜಕ್ಕೂ ಕಷ್ಟ. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂಥ ಔಷಧಿ ತಗೊಂಡವರಲ್ಲಿ ಬೆರಳು, ಅಂಗಾಲು ಜೋಮು ಹಿಡಿಯುವುದು ಜಾಸ್ತಿ. ಚಿಕ್ಕಮ್ಮ "ಹತ್ತಿ ಮೇಲೆ ನಡೆದ ಹಾಗಿರುತ್ತೆ" ಅನ್ನುತ್ತಿದ್ದರು. ಮಂಡಿ ನೋವಿರುವವರಿಗೂ ಹೀಗೇ. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಮಾತ್ರೆ ನುಂಗುವವರಲ್ಲಿ ಕೀಲು ನೋವು ತುಂಬ ಜನಕ್ಕೆ ಬರುತ್ತದೆ. ಸೈಕಲ್ಲಿನಲ್ಲಿ ಮೈಭಾರ ಸೀಟಿನ ಮೇಲಿರುತ್ತದೆ. ಕಾಲಿನ ಮೇಲೆ ಅಷ್ಟು ಬೀಳುವುದಿಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ.

ಮನೆಯೊಳಗಿನ ಜಿಮ್ ಸೈಕಲ್ ಎಲ್ಲಕ್ಕಿಂತ ಸುರಕ್ಷಿತ. ಬೀಳುವ ಭಯವಿಲ್ಲ, ಟ್ರಾಫಿಕ್ ಇಲ್ಲ, ಸುಸ್ತಾದರೆ ಪಕ್ಕದಲ್ಲೇ ಮಂಚ. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆ ಇದ್ದವರು, ಮೂಳೆಗೆ ಕ್ಯಾನ್ಸರ್ ಹರಡಿದವರು, ತಲೆಸುತ್ತು ಇರುವವರು ಕಣ್ಣುಮುಚ್ಚಿ ಇದನ್ನೇ ಆರಿಸಬೇಕು. ಅದೂ ಡಾಕ್ಟರ ಒಪ್ಪಿಗೆ ಪಡೆದು. ಇದರ ತೊಂದರೆ ಒಂದೇ, ಬೇಜಾರು. ಗೋಡೆ ನೋಡಿಕೊಂಡು ತುಳಿಯಬೇಕು. ಮೂರು ತಿಂಗಳಾದ ಮೇಲೆ ಅದರ ಹ್ಯಾಂಡಲ್ಲಿನ ಮೇಲೆ ಟವೆಲ್ ಒಣಗುತ್ತಿರುವ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಒಂದು ವರ್ಷ ಆಸ್ಪತ್ರೆ ಗೋಡೆ ನೋಡಿದವರಿಗೆ ಇನ್ನೊಂದು ಗೋಡೆ ಬೇಕಿರುವುದಿಲ್ಲ, ಅಲ್ವಾ?

ಮಾಮೂಲಿ ಸೈಕಲ್ಲಿನಲ್ಲಿ ವ್ಯಾಯಾಮ ಚೆನ್ನಾಗಿಯೇ ಆಗುತ್ತದೆ. ಮೊದಲೇ ರೂಢಿ ಇದ್ದು, ಊರು ಸಮತಟ್ಟಾಗಿದ್ದು, ಹಿಮೋಗ್ಲೋಬಿನ್ ಸರಿಯಾಗಿದ್ದರೆ ಇಷ್ಟೇ ಸಾಕು. ಸುಮ್ನೆ ಇ-ಸೈಕಲ್ಲಿಗೆ ದುಡ್ಡು ಹಾಕಬೇಡಿ. ಅದು ಸೋಲುವುದು ಏರಿನಲ್ಲಿ. ಧಾರವಾಡದಲ್ಲೋ ಮಡಿಕೇರಿಯಲ್ಲೋ ಇರುವವರಿಗೆ ನಾನು ವಿವರಿಸಬೇಕಾಗಿಲ್ಲ. ಮೈಸೂರಿನಲ್ಲೂ ನೋಡುವುದಕ್ಕೆ ಸಮ ಅನ್ನಿಸುವ ರಸ್ತೆ ತುಳಿಯುವಾಗ ಏರು ಅಂತ ಗೊತ್ತಾಗುತ್ತದೆ. ರಕ್ತ ಕಡಿಮೆ ಇರುವವರಿಗೆ ಆ ಸಣ್ಣ ಏರಿನಲ್ಲೇ ಎದೆ ಡವಡವ ಅನ್ನುತ್ತದೆ. ಇಳಿದು ತಳ್ಳುತ್ತಾರೆ. ಮರುದಿನ ಹೊರಡುವುದಿಲ್ಲ.

ಇ-ಸೈಕಲ್ಲಿನಲ್ಲಿ ನೀವು ತುಳಿದಾಗ ಮೋಟಾರು ಜೊತೆಗೂಡುತ್ತದೆ. ಎಷ್ಟು ಜೊತೆಗೂಡಬೇಕು ಅನ್ನುವುದನ್ನು ಒಂದು ಗುಂಡಿ ಒತ್ತಿ ನೀವೇ ಹೇಳುತ್ತೀರಿ. "ಅದರಲ್ಲಿ ವ್ಯಾಯಾಮ ಎಲ್ಲಿದೆ? ಮೋಟಾರೇ ಎಳೆಯುತ್ತಲ್ಲ" ಅಂತ ನಮ್ಮ ಮನೆಯಲ್ಲೂ ಕೇಳಿದರು. ಇದಕ್ಕೆ ಒಳ್ಳೆಯ ಉತ್ತರ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಬಂದಿದೆ. ಅದು ಏರಿಳಿತ ತುಂಬಿದ ಊರು. ಅಲ್ಲಿ ಸಕ್ಕರೆ ಕಾಯಿಲೆಯ 20 ಜನರಿಗೆ ಐದು ತಿಂಗಳು ಇ-ಸೈಕಲ್ ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಇ-ಸೈಕಲ್ ತುಳಿಯುವಾಗ ಅವರ ಎದೆಬಡಿತ ಗರಿಷ್ಠದ ಶೇಕಡ 75ರ ಹತ್ತಿರ ಹೋಗುತ್ತಿತ್ತು. ನಡೆಯುವಾಗ ಶೇಕಡ 64. ಅಂದರೆ ನಡಿಗೆಗಿಂತ ಹೆಚ್ಚಿನ ಕೆಲಸವೇ ಆಗುತ್ತಿತ್ತು. ಪರೀಕ್ಷೆ ಮುಗಿದ ಮೇಲೆ 14 ಜನ ಆ ಸೈಕಲ್ಲನ್ನು ಕೊಂಡುಕೊಂಡರು. ನನಗೆ ಎದೆಬಡಿತದ ಅಂಕಿಗಿಂತ ಈ 14 ಮುಖ್ಯ ಅನ್ನಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗೆ ಇ-ಸೈಕಲ್ ಕಲಿಸಿ ನೋಡುವ ಕೆಲಸವೂ ಆಮೇಲೆ ಅದೇ ಊರಿನಲ್ಲಿ ನಡೆದಿದೆ.

ಒಟ್ಟು ಅಧ್ಯಯನಗಳನ್ನು ಗುಡ್ಡೆ ಹಾಕಿ ನೋಡಿದವರು ಹೇಳುವುದೂ ಇದನ್ನೇ. ಇ-ಸೈಕಲ್ಲಿನ ಶ್ರಮ ಮಾಮೂಲಿ ಸೈಕಲ್ಲಿಗಿಂತ ಕಡಿಮೆ, ನಡಿಗೆಗಿಂತ ಜಾಸ್ತಿ. ಚಿಕಿತ್ಸೆಯಿಂದ ಎದ್ದವರಿಗೆ ಬೇಕಾದ ಜಾಗ ಸರಿಯಾಗಿ ಆ ನಡುವೆ ಇದೆ.

ಎಲೆಕ್ಟ್ರಿಕ್ ಸ್ಕೂಟರ್ ಈ ಪಟ್ಟಿಯಲ್ಲಿ ಇಲ್ಲ. ಅದರಲ್ಲಿ ಓಡಾಟ ಆಗುತ್ತದೆ, ವ್ಯಾಯಾಮ ಆಗುವುದಿಲ್ಲ.

ಅಂಗಡಿಗೆ ಹೋದಾಗ ಏನೇನು ನೋಡಬೇಕು

ಮೊದಲ ಸಲ ನಾವು ಎಡವಿದ್ದು ಇಲ್ಲೇ. ಅದನ್ನು ಹೇಳಿಬಿಡುತ್ತೇನೆ. ಚಿಕ್ಕಮ್ಮನನ್ನು ಕರೆದುಕೊಂಡು ಹೋಗದೆ ನಾನೇ ಒಂದು ಅಂಗಡಿಗೆ ಹೋದೆ. ನೋಡಲು ಗಟ್ಟಿಮುಟ್ಟಾದ, ಗಂಡುಹುಡುಗರು ಓಡಿಸುವಂಥ ಸೈಕಲ್ ತೋರಿಸಿದರು. ಕಾಲೇಜು ಹುಡುಗರಿಗೆ ಕೊಡುವ ವಿವರಣೆಯನ್ನೇ ನನಗೂ ಕೊಟ್ಟರು. ವೇಗ ಎಷ್ಟು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್. ಯಾರಿಗೆ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ತಂದ ಮೇಲೆ ನೋಡಿದರೆ ಚಿಕ್ಕಮ್ಮನಿಗೆ ಆ ಅಡ್ಡಪಟ್ಟಿಯ ಮೇಲೆ ಕಾಲು ಎತ್ತಿ ಹಾಕಲು ಆಗಲಿಲ್ಲ. ಹತ್ತಿದ ಮೇಲೆ ಪೆಡಲ್ ಅರ್ಧ ಸುತ್ತು ತಿರುಗುತ್ತಿದ್ದಂತೆ ಸೈಕಲ್ ಮುಂದಕ್ಕೆ ನೆಗೆಯಿತು. ಬೀಳಲಿಲ್ಲ, ಚಿಕ್ಕಪ್ಪ ಹಿಡಿದುಕೊಂಡರು. ಆದರೆ ಅವರು ಮತ್ತೆ ಒಂದು ಇ-ಸೈಕಲ್ ಮುಟ್ಟಲು ಆರು ವಾರ ಬೇಕಾಯಿತು. ಆ ಆರು ವಾರ ನನಗೆ ಈಗಲೂ ಚುಚ್ಚುತ್ತದೆ.

ಆ ನೆಗೆತಕ್ಕೆ ಕಾರಣ ಸೆನ್ಸರ್. ಇ-ಸೈಕಲ್ಲಿನಲ್ಲಿ ಎರಡು ಥರದ ಸೆನ್ಸರ್ ಇರುತ್ತದೆ. ಕೇಡೆನ್ಸ್ ಸೆನ್ಸರಿಗೆ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅನ್ನುವುದು ಮಾತ್ರ ಗೊತ್ತು. ತಿರುಗಿತು ಅಂದರೆ ಮೋಟಾರಿಗೆ ಹೊರಡು ಅನ್ನುತ್ತದೆ. ನೀವು ಮೆಲ್ಲಗೆ ತುಳಿದರೂ ಅಷ್ಟೇ ಜೋರು. ಟಾರ್ಕ್ ಸೆನ್ಸರ್ ನಿಮ್ಮ ಕಾಲು ಎಷ್ಟು ಒತ್ತುತ್ತಿದೆ ಅನ್ನುವುದನ್ನು ಅಳೆಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ಸಹಾಯ, ಜೋರಾಗಿ ಒತ್ತಿದರೆ ಜೋರಾಗಿ. ನಿಮ್ಮ ಕಾಲಿಗೇ ಶಕ್ತಿ ಬಂದ ಹಾಗಿರುತ್ತದೆ. ಜೋಮು ಇರುವವರಿಗೆ, ಬ್ಯಾಲೆನ್ಸ್ ತಪ್ಪುವವರಿಗೆ ಟಾರ್ಕ್ ಸೆನ್ಸರೇ ಸರಿ. ನಮ್ಮ ಮಾರುಕಟ್ಟೆಯಲ್ಲಿ 25ರಿಂದ 40 ಸಾವಿರದ ಒಳಗೆ ಸಿಗುವ ಬಹಳಷ್ಟು ಸೈಕಲ್‌ಗಳಲ್ಲಿ ಕೇಡೆನ್ಸ್ ಸೆನ್ಸರೇ ಇರುತ್ತದೆ. ಅದನ್ನೇ ಕೊಳ್ಳಬೇಕಾಗಿ ಬಂದರೆ ಸಹಾಯದ ಮಟ್ಟವನ್ನು ಒಂದಕ್ಕೆ ಇಟ್ಟು ಶುರುಮಾಡಿ. ಪೆಡಲ್ಲಿನ ಮೇಲೆ ಕಾಲಿಡುವಾಗ ಬ್ರೇಕ್ ಹಿಡಿದೇ ಇರಬೇಕು. ಬ್ರೇಕ್ ಒತ್ತಿದ ಕೂಡಲೇ ಮೋಟಾರ್ ನಿಲ್ಲುವ ಸ್ವಿಚ್ ಇದೆಯಾ ಅಂತ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಆ ಸೈಕಲ್ ಬೇಡ.

ಮೋಟಾರ್ ಎಲ್ಲಿರುತ್ತದೆ ಅನ್ನುವುದೂ ಒಂದು ವ್ಯತ್ಯಾಸ. ಚಕ್ರದ ಮಧ್ಯೆ ಇದ್ದರೆ ಹಬ್ ಮೋಟಾರ್. ಅಗ್ಗ, ರಿಪೇರಿ ಸುಲಭ. ಪೆಡಲ್ ಹತ್ತಿರ ಇದ್ದರೆ ಮಿಡ್ ಡ್ರೈವ್. ಕಡಿದಾದ ಏರಿಗೆ ಒಳ್ಳೆಯದು, ತೂಕ ಸಮನಾಗಿರುತ್ತದೆ, ಆದರೆ ಬೆಲೆ ಲಕ್ಷ ದಾಟಬಹುದು. ದಿನಕ್ಕೆ ಐದಾರು ಕಿಲೋಮೀಟರ್ ತುಳಿಯುವವರಿಗೆ ಹಿಂದಿನ ಚಕ್ರದ ಹಬ್ ಮೋಟಾರ್ ಸಾಕು.

ಇನ್ನು ಥ್ರಾಟಲ್. ತುಳಿಯದೇ ಓಡಿಸುವ ಹಿಡಿ. "ಅದನ್ನು ತೆಗೆಸಿಬಿಡಿ, ಇದ್ದರೆ ಯಾರೂ ತುಳಿಯಲ್ಲ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಥ್ರಾಟಲ್ಲಿನಲ್ಲೇ ಇತ್ತು. ಕಾಲು ಪೂರ್ತಿ ಕೈಕೊಟ್ಟರೂ ಸೈಕಲ್ ಅವರನ್ನು ಮನೆಗೆ ತರುತ್ತದೆ. ಅದು ಇದೆ ಅನ್ನುವ ಧೈರ್ಯದಿಂದಲೇ ಅವರು ದೂರ ಹೋದರು. ಆದರೆ ಹಿಡಿ ಪೂರ್ತಿ ತಿರುಗಿಸುವ ಥ್ರಾಟಲ್ ಬೇಡ. ಬೆರಳು ಜೋಮು ಹಿಡಿದವರು ಬ್ರೇಕ್ ಒತ್ತುವ ಗಾಬರಿಯಲ್ಲಿ ಹಿಡಿಯನ್ನೂ ತಿರುಗಿಸಿಬಿಡಬಹುದು. ಹೆಬ್ಬೆರಳಿನಿಂದ ಒತ್ತುವ ಚಿಕ್ಕ ಥ್ರಾಟಲ್ ವಾಸಿ.

ತೂಕದ ಬಗ್ಗೆ ಯಾರೂ ಹೇಳುವುದಿಲ್ಲ. ಇ-ಸೈಕಲ್ ಸಾಮಾನ್ಯವಾಗಿ 20ರಿಂದ 25 ಕಿಲೋ ಇರುತ್ತದೆ. ದಪ್ಪ ಟೈರಿನದಾದರೆ ಇನ್ನೂ ಹೆಚ್ಚು. ಹೊಟ್ಟೆಯ ಆಪರೇಷನ್ ಆದವರು, ಕಂಕುಳಿನ ಗಂಟು ತೆಗೆಸಿದವರು ಇದನ್ನು ಗೇಟಿನ ಮೆಟ್ಟಿಲು ಹತ್ತಿಸಲೇಬಾರದು. ಕೊಳ್ಳುವ ಮುಂಚೆ ಮನೆಯಲ್ಲಿ ಅದು ಎಲ್ಲಿ ನಿಲ್ಲುತ್ತದೆ, ರಸ್ತೆಗೆ ಹೇಗೆ ಇಳಿಯುತ್ತದೆ ಅಂತ ನೋಡಿ. ನಾವು ಒಂದು ಅಗಲವಾದ ಹಲಗೆ ಹಾಕಿಸಿದೆವು. ನೂಕಿಕೊಂಡು ಹೋಗುವಾಗ ನಡಿಗೆಯ ವೇಗದಲ್ಲಿ ಮೋಟಾರ್ ತಾನೇ ಎಳೆಯುವ ವಾಕ್ ಮೋಡ್ ಕೆಲವು ಸೈಕಲ್‌ಗಳಲ್ಲಿದೆ. ಇದ್ದರೆ ತುಂಬ ಉಪಕಾರ.

ಫ್ರೇಮ್ ಲೇಡೀಸ್ ಸೈಕಲ್ ಥರ ತಗ್ಗಾಗಿರಬೇಕು. ಗಂಡಸರಿಗೂ ಅದೇ ಒಳ್ಳೆಯದು. ಸೊಂಟದ ಭಾಗಕ್ಕೆ ರೇಡಿಯೇಷನ್ ಆದವರಿಗೆ, ಪ್ರಾಸ್ಟೇಟ್ ಆಪರೇಷನ್ ಆದವರಿಗೆ ಕಾಲು ಎತ್ತಿ ಹಾಕುವುದೇ ದೊಡ್ಡ ಕೆಲಸ. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗುವ ಹಾಗೆ ಶುರುವಿನಲ್ಲಿ ಇಳಿಸಿಕೊಳ್ಳಿ. ಧೈರ್ಯ ಬಂದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ, ಇಲ್ಲದಿದ್ದರೆ ಮಂಡಿ ನೋಯುತ್ತದೆ. ಸೀರೆ, ಚೂಡಿದಾರ್ ಹಾಕುವವರು ಚೈನ್ ಕವರ್ ಇದೆಯಾ ನೋಡಿ. ಬಹಳ ಇ-ಸೈಕಲ್‌ಗಳಲ್ಲಿ ಇರುವುದಿಲ್ಲ. ಹಾಕಿಸಿಕೊಳ್ಳಬೇಕು.

ಬ್ರೇಕ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಕೈಯಲ್ಲಿ ಬಲ ಕಡಿಮೆಯಾದವರಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಬೇಕು. ಎರಡು ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಕೇಬಲ್ ಬ್ರೇಕಿದ್ದರೆ ಕನಿಷ್ಠ ಲಿವರನ್ನು ಹಿಡಿಗೆ ಹತ್ತಿರ ಮಾಡುವ ಸ್ಕ್ರೂ ತಿರುಗಿಸಿಕೊಡಲು ಹೇಳಿ.

ಬ್ಯಾಟರಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅತಿ ಚಿಕ್ಕದೂ ನಿಮ್ಮ ಅರ್ಧ ಗಂಟೆಗೆ ಧಾರಾಳ ಸಾಕು. ತೆಗೆದು ಒಳಗೆ ತಂದು ಚಾರ್ಜ್ ಮಾಡುವಂತಿರಲಿ. ಅದರದ್ದೇ ಚಾರ್ಜರ್ ಬಳಸಿ. ರಾತ್ರಿ ಮಲಗುವ ಕೋಣೆಯಲ್ಲಿ ಚಾರ್ಜಿಗೆ ಹಾಕಬೇಡಿ.

ಹಳೇ ಸೈಕಲ್ಲಿಗೇ ಮೋಟಾರ್ ಕಿಟ್ ಹಾಕಿಸಿದರೆ ಅಗ್ಗವಾಗುತ್ತದೆ ಅಲ್ವಾ ಅಂತ ಕೇಳುತ್ತಾರೆ. ಅಗ್ಗವಾಗುತ್ತದೆ. ಆದರೆ ಹಳೇ ಬ್ರೇಕು, ಹಳೇ ಫ್ರೇಮು ಆ ವೇಗಕ್ಕೆ, ಆ ತೂಕಕ್ಕೆ ಮಾಡಿದ್ದಲ್ಲ. ಮೆಕ್ಯಾನಿಕ್ ಕೆಲಸ ಗೊತ್ತಿರುವ ಮನೆಯವರಿದ್ದರೆ ಮಾತ್ರ ಆ ದಾರಿ. ಮೋಟಾರ್ 250 ವ್ಯಾಟ್‌ ಒಳಗಿರಲಿ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿರಲಿ. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ ಆ ಮಿತಿಯೊಳಗಿನದನ್ನು ಮೋಟಾರು ವಾಹನ ಅಂತ ಎಣಿಸುವುದಿಲ್ಲ. ಲೈಸೆನ್ಸ್, ನೋಂದಣಿ ಬೇಡ. ಕೆಲವರು 350, 500 ವ್ಯಾಟಿನ ಕಿಟ್ ಮಾರುತ್ತಾರೆ. ಅದು ಆ ರಿಯಾಯಿತಿಗೆ ಸೇರುವುದಿಲ್ಲ.

ಮೂರು ಚಕ್ರದ ಇ-ಸೈಕಲ್ ಬಗ್ಗೆ ಒಂದು ಮಾತು. ಜೋಮು ಒಂದು ವರ್ಷವಾದರೂ ಇಳಿಯದವರಿಗೆ, ಮಿದುಳಿನ ಗಡ್ಡೆಯ ಚಿಕಿತ್ಸೆಯಾಗಿ ಬ್ಯಾಲೆನ್ಸ್ ತಪ್ಪುವವರಿಗೆ ಅದು ನಿಜವಾದ ವರ. ನಿಂತಾಗ ಬೀಳುವುದಿಲ್ಲ, ಹಿಂದೆ ಬುಟ್ಟಿ ಇರುತ್ತದೆ. ಎರಡು ಚಕ್ರದ್ದು ಓಡಿಸಿ ರೂಢಿಯಿದ್ದವರಿಗೆ ಮೊದಮೊದಲು ವಿಚಿತ್ರ ಅನ್ನಿಸುತ್ತದೆ, ಯಾಕೆಂದರೆ ತಿರುವಿನಲ್ಲಿ ಅದು ವಾಲುವುದಿಲ್ಲ. ವೇಗವಾಗಿ ತಿರುಗಿಸಿದರೆ ಹೊರಗಡೆಗೆ ಮಗುಚಬಹುದು. ಅಗಲ ಜಾಸ್ತಿ, ಗೇಟು ಅಳೆದುಕೊಳ್ಳಿ.

ಯಾವ ಚಿಕಿತ್ಸೆ ಮೈಯಲ್ಲಿ ಏನು ಉಳಿಸಿದೆ?

ನನ್ನ ಮಟ್ಟಿಗೆ ಸೈಕಲ್ ಆರಿಸುವುದು ಇಲ್ಲಿಂದಲೇ ಶುರುವಾಗಬೇಕು. ನಮ್ಮಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್ ತುಂಬ. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ. ಕತ್ತಿನ ಗಂಟು ತೆಗೆದ ಆಪರೇಷನ್ನಿನಲ್ಲಿ ಹೆಗಲು ಎತ್ತುವ ನರಕ್ಕೆ ಪೆಟ್ಟು ಬೀಳಬಹುದು. ಆಮೇಲೆ ಒಂದು ಹೆಗಲು ಜೋಲುತ್ತದೆ, ಕತ್ತು ಪೂರ್ತಿ ತಿರುಗುವುದಿಲ್ಲ. ಹಿಂದೆ ಏನು ಬರುತ್ತಿದೆ ಅಂತ ತಿರುಗಿ ನೋಡಲು ಆಗದವರು ರಸ್ತೆಗೆ ಇಳಿದರೆ ಅಪಾಯ. ಎರಡೂ ಕಡೆ ಕನ್ನಡಿ ಹಾಕಿಸಲೇಬೇಕು. ಹ್ಯಾಂಡಲ್ ಎತ್ತರವಾಗಿದ್ದು ನಮ್ಮ ಕಡೆ ಬಾಗಿರಬೇಕು, ಮುಂದಕ್ಕೆ ಬಗ್ಗಿ ಹಿಡಿಯುವಂತಿರಬಾರದು. ರೇಡಿಯೇಷನ್ನಿಂದ ಬಾಯಿ ಒಣಗುವವರು ನೀರಿನ ಬಾಟಲ್ ಹ್ಯಾಂಡಲ್ಲಿನ ಹತ್ತಿರವೇ ಇಟ್ಟುಕೊಳ್ಳಿ. ಹೆಲ್ಮೆಟ್ ಪಟ್ಟಿ ದವಡೆಯ ಗಾಯಕ್ಕೆ ಉಜ್ಜುತ್ತದೆ. ಮೆತ್ತನೆ ಹತ್ತಿ ಬಟ್ಟೆ ಸುತ್ತಿಕೊಂಡರೆ ತಡೆಯುತ್ತದೆ. ಗಂಟಲಿನಲ್ಲಿ ಟ್ಯೂಬ್ ಇರುವಾಗ ಧೂಳಿನ ರಸ್ತೆ ಬೇಡ.

ಸ್ತನದ ಆಪರೇಷನ್ ಆದವರಿಗೆ "ಆ ಕೈಯಲ್ಲಿ ಏನೂ ಮಾಡಬೇಡಿ, ಊದಿಕೊಳ್ಳುತ್ತೆ" ಅಂತ ಹೆದರಿಸುವುದಿತ್ತು. 2009ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಆಗಿ ಕೈ ಊತ ಇದ್ದ 141 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ನಿಧಾನವಾಗಿ ತೂಕ ಎತ್ತಿಸಿ ನೋಡಿದರು. ಊತ ಹೆಚ್ಚಲಿಲ್ಲ. ಹಾಗಾಗಿ ಹ್ಯಾಂಡಲ್ ಹಿಡಿಯಲು ಹೆದರಬೇಕಿಲ್ಲ. ಆದರೆ ಮೈಭಾರ ಅಂಗೈ ಮೇಲೆ ಬೀಳುವಂತೆ ಬಗ್ಗಬಾರದು. ನೆಟ್ಟಗೆ ಕೂರುವ ಸೈಕಲ್ ಬೇಕು. ಐದು ನಿಮಿಷಕ್ಕೊಮ್ಮೆ ಕೈಯ ಹಿಡಿತ ಬದಲಿಸಬೇಕು. ಊತ ತಡೆಯುವ ಬಿಗಿಯಾದ ಕಂಪ್ರೆಷನ್ ತೋಳು ಕೊಟ್ಟಿದ್ದರೆ ಹಾಕಿಕೊಂಡೇ ತುಳಿಯಬೇಕು. ಬ್ಯಾಗ್ ಹೆಗಲಿಗೆ ಬೇಡ, ಬುಟ್ಟಿಗೆ ಹಾಕಿ. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಬಲಗಡೆ ಆಪರೇಷನ್ ಆಗಿ ಆ ಕೈಗೆ ಹಿಡಿತ ಸಾಲದಿದ್ದರೆ ಬ್ರೇಕ್ ಅದಲು ಬದಲು ಮಾಡಿಸಬಹುದು.

ಕೆಂಪು ಬಣ್ಣದ ಕೀಮೋ, ಅಂದರೆ ಡಾಕ್ಸೊರುಬಿಸಿನ್‌ನಂಥದ್ದು, ಅಥವಾ ಟ್ರಾಸ್ಟುಜುಮ್ಯಾಬ್ ತಗೊಂಡವರು ಹೃದಯದ ಸ್ಕ್ಯಾನ್ ಆದ ಎಕೋ ವರದಿ ತೋರಿಸಿ ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು. ಆ ಔಷಧಿಗಳು ಹೃದಯದ ಬಲ ಕುಗ್ಗಿಸಬಹುದು. ಎಷ್ಟು ಶ್ರಮ ಸಾಕು ಅಂತ ಡಾಕ್ಟರೇ ಹೇಳಲಿ. ಶ್ರಮ ಏರದಂತೆ ಹಿಡಿದಿಡಲು ಇ-ಸೈಕಲ್ಲಿನ ಸಹಾಯದ ಮಟ್ಟ ಬಹಳ ಅನುಕೂಲ. ಏರು ಬಂದಾಗ ಮಟ್ಟ ಹೆಚ್ಚಿಸಿದರೆ ಎದೆಬಡಿತ ಅಲ್ಲೇ ನಿಲ್ಲುತ್ತದೆ.

ಪ್ರಾಸ್ಟೇಟ್ ಮತ್ತು ಗುದದ ಕ್ಯಾನ್ಸರಿನವರಿಗೆ ಸೀಟೇ ಸಮಸ್ಯೆ. ಸರ್ಜನ್ ಒಪ್ಪುವ ತನಕ ಹತ್ತಬೇಡಿ. ಆಮೇಲೂ ಅಗಲವಾದ, ನಡುವೆ ಸೀಳಿರುವ ಸೀಟು ಹಾಕಿಸಿ. ಪ್ರಾಸ್ಟೇಟ್ ಸ್ಥಿತಿ ನೋಡುವ ಪಿಎಸ್‌ಎ ರಕ್ತಪರೀಕ್ಷೆಗೆ ಮುಂಚಿನ ಎರಡು ದಿನ ಸೈಕಲ್ ಬೇಡ, ಅಂಕಿ ಸುಮ್ನೆ ಏರಿ ಮನೆಮಂದಿಯೆಲ್ಲ ಗಾಬರಿಯಾಗಬಹುದು. ಮಲ ಸೇರಲು ಹೊಟ್ಟೆಗೆ ಸ್ಟೋಮಾ ಚೀಲ ಅಂಟಿಸಿಕೊಂಡಿರುವವರು ಕೂಡ ತುಳಿಯಬಹುದು. ನೆಟ್ಟಗೆ ಕೂರಬೇಕು, ಭಾರ ಎತ್ತಬಾರದು, ಹೊರಡುವ ಮುಂಚೆ ಚೀಲ ಖಾಲಿ ಮಾಡಬೇಕು.

ಇನ್ನು ಎಲ್ಲರಿಗೂ ಅನ್ವಯಿಸುವ ತಡೆಗಳು. ಜ್ವರ 100.4 ಡಿಗ್ರಿ ಮುಟ್ಟಿದರೆ ಸೈಕಲ್ ಅಲ್ಲ, ನೇರ ಆಸ್ಪತ್ರೆ. ಕೀಮೋ ನಡೆಯುತ್ತಿರುವವರಿಗೆ ಇದು ತುರ್ತು. ಪ್ಲೇಟ್‌ಲೆಟ್ 50 ಸಾವಿರಕ್ಕಿಂತ ಕೆಳಗಿದ್ದರೆ ಬೀಳುವ ಸಾಧ್ಯತೆ ಇರುವ ಯಾವುದೂ ಬೇಡ. ನೋವಿಗೆ ಮಾರ್ಫಿನ್ ಥರದ ಮಾತ್ರೆ ತಗೊಂಡು ಮಂಪರಿರುವಾಗ ಬೇಡ. ಹೊಸದಾಗಿ ಬೆನ್ನು, ತೊಡೆಯ ಮೂಳೆ ನೋಯುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಶುರುಮಾಡುವ ಬಗೆ

ಹೆಚ್ಚಿನವರು ಮೋಟಾರನ್ನು ಕಡಿಮೆ ಇಟ್ಟು ಶುರುಮಾಡುತ್ತಾರೆ. ವ್ಯಾಯಾಮ ಆಗಬೇಕಲ್ಲ ಅಂತ. ಬ್ಯಾಲೆನ್ಸ್ ಕಲಿಯುವ ಮೊದಲ ಎರಡು ಮೂರು ದಿನ ಅದು ಸರಿ, ಬಯಲಿನಲ್ಲಿ. ಆಮೇಲೆ ರಸ್ತೆಗೆ ಬಂದಾಗ ಸಹಾಯ ಧಾರಾಳವಾಗಿ ತಗೊಳ್ಳಿ. ಹತ್ತು ನಿಮಿಷ ಹೋಗಿ ಬನ್ನಿ. ಮನೆಗೆ ಬಂದಾಗ "ಇನ್ನೂ ಸ್ವಲ್ಪ ಹೋಗಬಹುದಿತ್ತು" ಅನ್ನಿಸಬೇಕು. ಹಾಗೆ ಅನ್ನಿಸಿದರೆ ಮುಂದಿನ ವಾರ ಐದು ನಿಮಿಷ ಸೇರಿಸಿ. ಮೊದಲು ಹೊತ್ತು ಹೆಚ್ಚಿಸಿ. ಅರ್ಧ ಗಂಟೆ ತಲುಪಿದ ಮೇಲೆ ಮೋಟಾರಿನ ಸಹಾಯ ಇಳಿಸಿ. ಎರಡನ್ನೂ ಒಂದೇ ವಾರ ಬದಲಿಸಬೇಡಿ. ಮರುದಿನ ಬೆಳಿಗ್ಗೆ ಏಳಲು ಆಗದಷ್ಟು ಸುಸ್ತಿದ್ದರೆ ಒಂದು ಹೆಜ್ಜೆ ಹಿಂದಕ್ಕೆ.

ಚಿಕ್ಕಮ್ಮನ ಬಯಲು ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಮರಗಳ ಕೆಳಗಿನ ರಸ್ತೆ. ಬೆಳಗ್ಗೆ ಆರೂವರೆಗೆ ಅಲ್ಲಿ ವಾಹನ ಕಡಿಮೆ, ಬಿಸಿಲಿಲ್ಲ. ರೇಡಿಯೇಷನ್ ಆದ ಚರ್ಮಕ್ಕೆ ಬಿಸಿಲು ಆಗುವುದಿಲ್ಲವಾದ್ದರಿಂದ ಹೊತ್ತು ಮುಖ್ಯ. ಚಿಕ್ಕಪ್ಪ ಮಾಮೂಲಿ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದರು. ಏರಿನಲ್ಲಿ ಅವರು ಹಿಂದೆ ಉಳಿದು ಚಿಕ್ಕಮ್ಮ ಮುಂದೆ ಹೋಗಿ ಕಾಯುತ್ತಿದ್ದರು. ಒಂದು ವರ್ಷ ಎಲ್ಲರೂ ಅವರನ್ನು ಕಾದಿದ್ದರು. ಈಗ ಅವರು ಕಾಯುವ ಸರದಿ. ಆ ಸಂತೋಷ ಮುಖದಲ್ಲಿ ಕಾಣುತ್ತಿತ್ತು.

ಮೊದಲ ಎರಡು ತಿಂಗಳು ಒಬ್ಬರೇ ಹೋಗುವುದು ಬೇಡ. ಜೇಬಿನಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಹೆಸರು, ಮನೆಯವರ ಫೋನ್, ರಕ್ತದ ಗುಂಪು, ಯಾವ ಚಿಕಿತ್ಸೆ ಆಗಿದೆ, ಎದೆಯಲ್ಲಿ ಕೀಮೋ ಪೋರ್ಟ್ (ಔಷಧಿ ಕೊಡಲು ಚರ್ಮದಡಿ ಕೂರಿಸುವ ಚಿಕ್ಕ ಸಾಧನ) ಇದೆಯಾ ಅನ್ನುವುದೆಲ್ಲ ಬರೆದಿರಲಿ. ಬೀದಿನಾಯಿ ಇರುವ ದಾರಿ, ಹಂಪ್ ಜಾಸ್ತಿ ಇರುವ ದಾರಿ ಬಿಟ್ಟುಬಿಡಿ. ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಜೊತೆಗೆ ವಾರಕ್ಕೆ ಎರಡು ದಿನ ಕೈ, ಬೆನ್ನಿಗೆ ಬಲ ಕೊಡುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಿರಿ. ಸೈಕಲ್ ಕಾಲಿಗೆ ಮಾತ್ರ ಕೆಲಸ ಕೊಡುತ್ತದೆ.

ದುಡ್ಡಿನ ಮಾತು

ಚಿಕಿತ್ಸೆಗೇ ಸಾಲ ಮಾಡಿದ ಮನೆಗೆ 30 ಸಾವಿರದ ಸೈಕಲ್ ಕೊಳ್ಳಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಹಳೇ ಸೈಕಲ್ ಇದ್ದರೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಭದ್ರ ಮಾಡಿ, ಒಬ್ಬರು ಹಿಡಿದುಕೊಂಡರೆ ಅದೇ ಜಿಮ್ ಸೈಕಲ್. ಅದಕ್ಕೆ ನಡಿಗೆ ಸೇರಿಸಿದರೆ ಬಹಳಷ್ಟು ಲಾಭ ಸಿಗುತ್ತದೆ. ಇ-ಸೈಕಲ್ ಕೊಳ್ಳುವ ಶಕ್ತಿ ಇರುವವರೂ ಮೊದಲು ಪರಿಚಯದವರದ್ದೋ ಬಾಡಿಗೆಯದ್ದೋ ತಂದು ಹದಿನೈದು ದಿನ ನೋಡಿ. ಮೈಸೂರಿನವರಿಗೆ 2017ರಿಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಇದೆ. ಅದರಲ್ಲಿ ಒಂದೆರಡು ದಿನ ತುಳಿದರೆ ಮೋಟಾರ್ ಬೇಕೋ ಬೇಡವೋ ಅನ್ನುವುದು ಅರ್ಧ ಗೊತ್ತಾಗುತ್ತದೆ. ಕೆಲವು ವರ್ಷದ ನಂತರ ಬ್ಯಾಟರಿ ಬದಲಿಸುವ ಖರ್ಚು ಬರುತ್ತದೆ. ಹಳೇ ಇ-ಸೈಕಲ್ ಕೊಳ್ಳುವವರು ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಊರಿನಲ್ಲೇ ರಿಪೇರಿ ಮಾಡುವವರಿಲ್ಲದ ಬ್ರ್ಯಾಂಡ್ ಎಷ್ಟು ಚೆನ್ನಾಗಿದ್ದರೂ ಬೇಡ.

ಅಂಗಡಿಗೆ ತುಳಿಯುವವರನ್ನೇ ಕರೆದುಕೊಂಡು ಹೋಗಿ. ದಿನಾ ಹಾಕುವ ಚಪ್ಪಲಿ, ದಿನಾ ಉಡುವ ಬಟ್ಟೆಯಲ್ಲೇ ಹೋಗಲಿ. ಜೋಮು ಇರುವವರಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಬೇಕು, ಇಲ್ಲದಿದ್ದರೆ ಜಾರಿ ಬಿದ್ದದ್ದೇ ಗೊತ್ತಾಗುವುದಿಲ್ಲ. ವಾರದ ನಡುವೆ, ಜನ ಇಲ್ಲದ ಹೊತ್ತಿನಲ್ಲಿ ಹೋಗಿ. ಮೊದಲೇ ಫೋನ್ ಮಾಡಿ, ಚಿಕಿತ್ಸೆ ಮುಗಿಸಿದವರಿಗೆ ಬೇಕಾಗಿದೆ, ಅರ್ಧ ಗಂಟೆ ಓಡಿಸಿ ನೋಡಬೇಕು ಅಂತ ಹೇಳಿ. ಎರಡನೇ ಸಲ ನಾವು ಹೋದ ಅಂಗಡಿಯ ಹುಡುಗ ಸೀಟು ಇಳಿಸಿಕೊಟ್ಟು, ಮೋಟಾರ್ ಪೂರ್ತಿ ಆಫ್ ಮಾಡಿ, "ಮೊದ್ಲು ಹೀಗೇ ತುಳೀರಿ ಅಮ್ಮ, ನಾನು ಪಕ್ಕದಲ್ಲೇ ಬರ್ತೀನಿ" ಅಂದ. ಅಲ್ಲೇ ಕೊಂಡೆವು.